ಬೆನ್ನಿಗಿಳಿದ ಕರೆಂಟು

ನಮ್ಮ ಚಿತ್ರದುರ್ಗ ಸೀಮೆಯಲ್ಲಿ ವಿಕಿರಣ ಚಿಕಿತ್ಸೆ ಎಂಬ ಮಾತನ್ನು ಆಡುವವರು ಕಡಿಮೆ. ‘ಕರೆಂಟ್ ಕೊಡಿಸೋದು’ ಎನ್ನುತ್ತಾರೆ. ‘ಪಾಪ, ಅವರಿಗೆ ಕರೆಂಟ್ ಕೊಡ್ಸಿದಾರಂತೆ’ ಎಂದರೆ ಸಾಕು, ಹೊಳಲ್ಕೆರೆಯಲ್ಲಾಗಲಿ ಹಿರಿಯೂರಿನಲ್ಲಾಗಲಿ ಕಾಯಿಲೆ ಯಾವುದೆಂದು ಬಿಡಿಸಿ ಹೇಳಬೇಕಾಗಿಲ್ಲ. ಕೇಳಿದವರ ದನಿ ತಾನಾಗಿ ತಗ್ಗುತ್ತದೆ. ಈ ಹೆಸರು ಯಾರು ಇಟ್ಟರೋ ಕಾಣೆ. ನಮ್ಮ ಅತ್ತೆಯನ್ನು ಎರಡು ತಿಂಗಳು ನಿದ್ದೆಗೆಡಿಸಿದ್ದು ಮಾತ್ರ ಇದೇ ಹೆಸರು.

ಅತ್ತೆ ಎಂದರೆ ನಮ್ಮ ತಂದೆಯ ಅಕ್ಕ. ಹೊಳಲ್ಕೆರೆ ತಾಲ್ಲೂಕಿನ ಅಡಿಕೆ ತೋಟದ ಮನೆ. ಎಲೆ ಅಡಿಕೆಯ ಜೊತೆ ಕಡ್ಡಿಪುಡಿ ಇಲ್ಲದೆ ಅವರಿಗೆ ಕೆಲಸ ಸಾಗುತ್ತಿರಲಿಲ್ಲ. 1996ರಲ್ಲಿ ನಾಲಿಗೆಯ ಬುಡದಲ್ಲಿ ಹುಣ್ಣು ಕಾಣಿಸಿತು. ದುರ್ಗದ ಡಾಕ್ಟರು ನೋಡಿ ಬೆಂಗಳೂರಿಗೆ ಚೀಟಿ ಬರೆದುಕೊಟ್ಟರು. ಆಗ ನಮ್ಮ ಕಡೆಯವರಿಗೆಲ್ಲ ಕ್ಯಾನ್ಸರ್ ಎಂದರೆ ಕಿದ್ವಾಯಿಯ ಹೆಸರೇ ನೆನಪಾಗುತ್ತಿತ್ತು. ಕೊನೆಗೆ ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಕೋಬಾಲ್ಟ್ ಯಂತ್ರದ ಚಿಕಿತ್ಸೆ ಎಂದು ಗೊತ್ತಾಯಿತು. ದಿನಕ್ಕೊಂದು ಸರದಿ, ವಾರಕ್ಕೆ ಐದು ದಿನ, ಒಟ್ಟು ಏಳು ವಾರ.

ನಮ್ಮ ಮಾವ ತೋಟದ ಲೆಕ್ಕದ ಮನುಷ್ಯ. “ಅಡಿಕೆ ಕೊಯ್ಲು ಹತ್ರ ಬಂದೈತೆ ಸಾರ್. ದಿನಾ ಚೂರುಚೂರು ಕೊಡೋ ಬದ್ಲು ಒಂದೇ ವಾರದಾಗೆ ಕೊಟ್ಟು ಮುಗ್ಸೋಕಾಗಲ್ವಾ?” ಎಂದು ಕೇಳಿಯೇಬಿಟ್ಟರು. ಡಾಕ್ಟರು ನಗಲಿಲ್ಲ. “ಯಜಮಾನ್ರೇ, ಗಡ್ಡೆ ಮುಂದಿದೆ, ಅದರ ಹಿಂದೆಯೇ ಬೆನ್ನುಹುರಿ ಇದೆ. ಕಿರಣ ಎರಡಕ್ಕೂ ತಾಗುತ್ತೆ. ಇವತ್ತು ಆದ ಏಟನ್ನು ನಾಳೆ ಬೆಳಗಾಗೋದರೊಳಗೆ ಬೆನ್ನುಹುರಿ ಅಷ್ಟಿಷ್ಟು ರಿಪೇರಿ ಮಾಡ್ಕೋಬೇಕು. ಅದಕ್ಕೇ ಈ ಚೂರುಚೂರು” ಎಂದರು. ಮಾವನಿಗೆ ಈ ಲೆಕ್ಕ ಹಿಡಿಸಿತು.

ಅತ್ತೆಯ ಕತ್ತಿನ ಎರಡೂ ಬದಿಗೆ ಶಾಯಿಯಲ್ಲಿ ಚೌಕ ಬರೆದು, ತೊಳೆಯಬಾರದೆಂದು ಹೇಳಿದ್ದರು. ಇಪ್ಪತ್ತೆರಡು ಸರದಿ ಮುಗಿದ ಮೇಲೆ ಹಿಂದಿನ ಗೆರೆಯನ್ನು ಮುಂದಕ್ಕೆ ಸರಿಸಿದರು. ಬೆನ್ನುಹುರಿಯ ಪಾಲು ಮುಗಿಯಿತು, ಇನ್ನು ಉಳಿದದ್ದೆಲ್ಲ ಗಡ್ಡೆಗೆ ಎಂದು ಅದರ ಅರ್ಥ. ವಿಕಿರಣವನ್ನು ಅಳೆಯುವ ಮಾನಕ್ಕೆ ಗ್ರೇ ಎಂದು ಹೆಸರು. ಸರದಿಗೆ 2 ಗ್ರೇ ಲೆಕ್ಕದಲ್ಲಿ ಇಂಥ ಗಡ್ಡೆಗೆ 70ರ ಸುಮಾರು ಬೇಕು. ಬೆನ್ನುಹುರಿಗೆ 45 ದಾಟದಂತೆ ನೋಡಿಕೊಳ್ಳುವುದು ಬಹುಕಾಲದಿಂದ ಬಂದ ಪದ್ಧತಿ. ಒಂದು ಗೆರೆಯನ್ನು ಬೆರಳಗಲ ಸರಿಸುವುದರಲ್ಲಿ ಒಬ್ಬರ ನಡಿಗೆಯೇ ಅಡಗಿರುತ್ತದೆಂದು ನನಗೆ ತಿಳಿದದ್ದು ಆಗಲೇ.

ಚಿಕಿತ್ಸೆ ಮುಗಿದು ಊರಿಗೆ ಬಂದರು. ಹುಣ್ಣು ಮಾಯಿತು, ಗಂಜಿಯಿಂದ ಮೆತ್ತನೆ ಮುದ್ದೆಗೆ ಬಂದರು. ಮೂರು ತಿಂಗಳಾಗಿತ್ತು. ಒಂದು ದಿನ ಅಡಿಕೆ ಸುಲಿಯಲು ತಲೆ ಬಗ್ಗಿಸಿದಾಗ ಬೆನ್ನಿನುದ್ದಕ್ಕೂ ಮಿಂಚು ಹರಿದಂತಾಯಿತಂತೆ. “ಕತ್ತು ಬಗ್ಸಿದ್ರೆ ಝುಮ್ ಅಂತ ಹೊಡೆದು ಕಾಲ್ಬೆರಳಿನ ಗಂಟ ಹೋಗ್ತೈತೆ ಕಣಪ್ಪಾ. ಅವ್ರು ಕೊಟ್ಟ ಕರೆಂಟು ಮೈಯಾಗೇ ಉಳ್ಕಂಡೈತೆ.” ಇದನ್ನು ಅವರು ನನಗೆ ಹೇಳಿದ್ದು ಎರಡು ತಿಂಗಳು ಕಳೆದ ಮೇಲೆ. ಅಷ್ಟರಲ್ಲಿ ಮೊಮ್ಮಗಳನ್ನು ಪಕ್ಕದಲ್ಲಿ ಮಲಗಿಸಿಕೊಳ್ಳುವುದನ್ನು ಬಿಟ್ಟಿದ್ದರು, ಎತ್ತಿಕೊಳ್ಳುವುದನ್ನೂ ಬಿಟ್ಟಿದ್ದರು. ಮೂರು ವರ್ಷದ ಮಗು ಅಜ್ಜಿಯ ಕೋಣೆಯ ಬಾಗಿಲಲ್ಲಿ ನಿಂತು ಅಳುತ್ತಿತ್ತು.

ಮತ್ತೆ ಬೆಂಗಳೂರು ಬಸ್ಸು ಹತ್ತಿದೆವು. ಡಾಕ್ಟರು ಸುತ್ತಿಗೆಯಿಂದ ಮೊಣಕಾಲು ತಟ್ಟಿ, ಅಂಗಾಲು ಗೀರಿ, ಅತ್ತೆಯನ್ನು ನಡೆಸಿ ನೋಡಿದರು. ಕಾಲಿನ ಬಲ ಚೆನ್ನಾಗಿಯೇ ಇತ್ತು. ಮೊದಲು ಹೇಳಿದ ಮಾತು ಇದು: ಹೊರಗಿನ ಯಂತ್ರದಿಂದ ಬಂದ ಕಿರಣ ಮೈಯಲ್ಲಿ ಉಳಿಯುವುದಿಲ್ಲ, ದೀಪ ಆರಿಸಿದರೆ ಕೋಣೆಯಲ್ಲಿ ಬೆಳಕು ಉಳಿಯದ ಹಾಗೆ. ಮಗುವನ್ನು ಧಾರಾಳವಾಗಿ ಎತ್ತಿಕೊಳ್ಳಿ.

ಹಾಗಾದರೆ ಆ ಮಿಂಚು ಯಾವುದು? ಬೆನ್ನುಹುರಿಯಲ್ಲಿ ಸಾವಿರಾರು ನರತಂತುಗಳು ಮಿದುಳಿನಿಂದ ಕೈಕಾಲಿಗೆ, ಕೈಕಾಲಿನಿಂದ ಮಿದುಳಿಗೆ ಸುದ್ದಿ ಒಯ್ಯುತ್ತವೆ. ತಾಮ್ರದ ತಂತಿಗೆ ರಬ್ಬರು ಸುತ್ತಿದಂತೆ ಅವಕ್ಕೆ ಮಯಲಿನ್ ಎಂಬ ಕೊಬ್ಬಿನ ಹೊದಿಕೆ ಇರುತ್ತದೆ. ಈ ಹೊದಿಕೆ ನೇಯುವ ಜೀವಕೋಶಗಳಿಗೆ ವಿಕಿರಣದ ಏಟು ಬೀಳುತ್ತದೆ. ಹಳೆಯ ಹೊದಿಕೆ ಸವೆಯುತ್ತದೆ, ಹೊಸದು ಬರುವುದು ತಡವಾಗುತ್ತದೆ. ಕತ್ತು ಬಗ್ಗಿಸಿದಾಗ ಬೆನ್ನುಹುರಿ ಸ್ವಲ್ಪ ಎಳೆದುಕೊಳ್ಳುತ್ತದಲ್ಲ, ಆಗ ಸವೆದ ಜಾಗದ ತಂತುಗಳು ತಾವಾಗಿ ಮಿಡಿಯುತ್ತವೆ. ಅದೇ ಆ ಝುಮ್. ಫ್ರಾನ್ಸಿನ ನರವೈದ್ಯ ಲೆರ್ಮಿಟ್ ಅವರ ಹೆಸರು ಈ ಚಿಹ್ನೆಗಿದೆ. ಸಾಮಾನ್ಯವಾಗಿ ಚಿಕಿತ್ಸೆಯಾದ ಕೆಲವು ತಿಂಗಳಿಗೆ ಬಂದು, ಹೊದಿಕೆ ಮತ್ತೆ ಬೆಳೆದಂತೆ ಹೊರಟುಹೋಗುತ್ತದೆ.

ಹೋಗದ ಜಾತಿಯದು ಬೇರೆ ಇದೆ. ಅದು ಬರುವುದು ಆರು ತಿಂಗಳ ಮೇಲೆ, ಕೆಲವರಿಗೆ ವರ್ಷಗಳ ಮೇಲೆ. ಹೊದಿಕೆಯ ಜೊತೆಗೆ ಬೆನ್ನುಹುರಿಯ ಸಣ್ಣ ರಕ್ತನಾಳಗಳೂ ಹಾಳಾಗಿ, ನರತಂತುಗಳೇ ಸಾಯುತ್ತವೆ. ಪಾದ ಜೋಮು ಹಿಡಿಯುತ್ತದೆ, ಕಾಲು ಸೋಲುತ್ತದೆ, ಮೂತ್ರದ ಹಿಡಿತ ತಪ್ಪುತ್ತದೆ. ಸತ್ತ ತಂತುವನ್ನು ಮರಳಿ ತರುವ ಔಷಧಿ ಇನ್ನೂ ಇಲ್ಲ. ಬೆನ್ನುಹುರಿಗೆ 50 ಗ್ರೇ ತಾಗಿದರೆ ಈ ಅಪಾಯ ಶೇಕಡಾ 0.2, 60ಕ್ಕೆ ಶೇಕಡಾ 6, 69ಕ್ಕೆ ಅರ್ಧಕ್ಕರ್ಧ ಎಂಬುದು 2010ರಲ್ಲಿ ಪ್ರಕಟವಾದ ಅಂದಾಜು. ಏಣಿ ಎಷ್ಟು ಕಡಿದಾಗಿದೆ ನೋಡಿ! ಇಂದಿನ ಯಂತ್ರಗಳು ಬೆನ್ನುಹುರಿಯನ್ನು ಬಳಸಿಕೊಂಡು ಕಿರಣ ಹಾಯಿಸಬಲ್ಲವು. ಆದರೂ ಆ ಮಿತಿಯ ಮೇಲೆ ಕಣ್ಣಿಟ್ಟೇ ಕೆಲಸ ಮಾಡುತ್ತಾರೆ.

ನಮ್ಮ ಜಿಲ್ಲೆಯಲ್ಲಿ ಇನ್ನೊಂದು ತೊಡಕಿದೆ. ಕಾಲು ಸೋತಿತೆಂದರೆ ಹೊಸದುರ್ಗ, ಹಿರಿಯೂರಿನ ಕಡೆ ಮೊದಲು ಬಯ್ಯುವುದು ಬೋರ್‌ವೆಲ್ ನೀರನ್ನು. ಬಯ್ಯುವುದರಲ್ಲಿ ಹುರುಳಿದೆ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ಫ್ಲೋರೈಡ್ ನಮ್ಮ ಎಷ್ಟೋ ಹಳ್ಳಿಗಳ ಅಂತರ್ಜಲದಲ್ಲಿದೆ. ವರ್ಷಗಟ್ಟಲೆ ಕುಡಿದರೆ ಬೆನ್ನೆಲುಬು ದಪ್ಪಗಾಗಿ ಬೆನ್ನುಹುರಿಯನ್ನು ಹೊರಗಿನಿಂದ ಅಮುಕಬಲ್ಲದು. ಹರಡಿದ ಕ್ಯಾನ್ಸರೂ ಹಾಗೆಯೇ ಅಮುಕಬಲ್ಲದು, ಅದಕ್ಕೆ ಒಂದು ದಿನವೂ ತಡಮಾಡುವಂತಿಲ್ಲ. ಅತ್ತೆಗೆ ನೆರೆಯವರು ನೀರಿನ ದೋಷ ಎಂದಿದ್ದರು, ಮತ್ತೊಬ್ಬರು ಬರೆ ಹಾಕಿಸು ಎಂದಿದ್ದರು. ಮೂರರಲ್ಲಿ ಯಾವುದೆಂದು ಜಗುಲಿಯ ಮೇಲೆ ಕುಳಿತು ತೀರ್ಮಾನಿಸುವುದು ಆಗದ ಮಾತು.

ಆ ಸಂಜೆ ಊರಿಗೆ ಬಂದವರೇ ಅತ್ತೆ ಮೊಮ್ಮಗಳನ್ನು ಎತ್ತಿಕೊಂಡರು. ಝುಮ್ ಎನ್ನುವುದು ಇನ್ನೂ ಇತ್ತು. ದಿನಾ ಬೆಳಗ್ಗೆ ಹಾಸಿಗೆಯಲ್ಲೇ ಕತ್ತು ಬಗ್ಗಿಸಿ ಪರೀಕ್ಷೆ ಮಾಡುತ್ತಿದ್ದರು. 1997ರ ಮುಂಗಾರು ಶುರುವಾದ ಹೊತ್ತಿಗೆ ಒಂದು ಬೆಳಗ್ಗೆ ಏನೂ ಆಗಲಿಲ್ಲ. ಸರಿಯಾಗಿ ಬಗ್ಗಿಸಲಿಲ್ಲವೇನೋ ಎಂದು ಇನ್ನೊಮ್ಮೆ ಬಗ್ಗಿಸಿದರಂತೆ.