ಬೀಗ ಹಾಕುವ ಮುನ್ನ

ರಾತ್ರಿ ಹನ್ನೆರಡು ದಾಟಿದೆ. ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ಲಾರಿಗಳದ್ದೇ ಸದ್ದು. ನೀವು ಬೀಟ್ ಕಾನ್‌ಸ್ಟೆಬಲ್ ಒಬ್ಬರ ಬೈಕಿನ ಹಿಂದೆ ಕೂತಿದ್ದೀರಿ. ಎಸ್.ಎಸ್. ಪುರಂನ ಅಡ್ಡರಸ್ತೆಗೆ ತಿರುಗುತ್ತಲೇ ಅವರು ಎಂಜಿನ್ ಆರಿಸುತ್ತಾರೆ. ಇಲ್ಲಿಂದ ನಡಿಗೆ. ಬೈಕಿನ ಸದ್ದು ಕೇಳಿದರೆ ಕಳ್ಳ ಗೋಡೆ ಮರೆಗೆ ಸರಿಯುತ್ತಾನೆ, ಚಪ್ಪಲಿ ಸದ್ದಿಗಾದರೆ ಅಷ್ಟು ಬೇಗ ಎಚ್ಚರಾಗುವುದಿಲ್ಲ ಎನ್ನುವುದು ಅವರ ಲೆಕ್ಕ.

ಟಾರ್ಚು ಒಂದು ಗೇಟಿನ ಮೇಲೆ ನಿಲ್ಲುತ್ತದೆ. ಒಳಗೆ ಮಡಿಚಿದ ಹಾಗೇ ಬಿದ್ದಿರುವ ಪೇಪರುಗಳು. ಹೊಸಿಲ ಮುಂದೆ ರಂಗೋಲಿಯಿಲ್ಲ, ಕಸ ಗುಡಿಸಿಲ್ಲ. ವರಾಂಡದ ಬಲ್ಬು ಮಾತ್ರ ಹಗಲೂ ರಾತ್ರಿ ಉರಿಯುತ್ತಿದೆ. ಕಳ್ಳ ಹೆದರಲಿ ಎಂದು ಮನೆಯವರು ಹಾಕಿ ಹೋದದ್ದು. ಕಳ್ಳನಿಗೆ ಅದೇ ವಿಳಾಸ.

ಪಕ್ಕದ ಮನೆಯ ಕಿಟಕಿ ತೆರೆಯುತ್ತದೆ. "ಯಾರಪ್ಪಾ ಅದು?"

"ಬೀಟ್ ಪೊಲೀಸ್ ಕಣಜ್ಜಿ. ಇವ್ರೆಲ್ಲಿಗೆ ಹೋಗವ್ರೆ?"

"ಧರ್ಮಸ್ಥಳಕ್ಕೆ. ಸೋಮವಾರ ಬತ್ತಾರೆ. ಪೇಪರ್‌ನೋನಿಗೆ ಹೇಳೋದು ಮರ್ತವ್ರೆ."

"ಬೆಳಿಗ್ಗೆ ಆ ಪೇಪರೆಲ್ಲ ಎತ್ತಿಟ್ಕೊಳ್ಳಿ ಅಜ್ಜಿ. ಸೋಮವಾರದ ತನಕ ನಾನು ದಿನಾ ಒಂದ್ಸಲ ಈ ಕಡೆ ಬತ್ತೀನಿ."

ಪುಸ್ತಕದಲ್ಲಿ ಎರಡು ಸಾಲು ಬರೆದು ಮುಂದಿನ ಪಾಯಿಂಟಿಗೆ ಹೊರಡುತ್ತಾರೆ. ನಿಮಗೆ ಇದು ಬರೀ ಮಾತುಕತೆ ಅನ್ನಿಸಬಹುದು. ಆದರೆ ಕೆಲಸ ಆಗಿದ್ದು ಇಲ್ಲೇ. ಬೀಗ ಬಿದ್ದ ಮನೆ ಯಾವುದು ಎಂದು ಪೊಲೀಸರಿಗಿಂತ ಮೊದಲು ಕಳ್ಳನಿಗೆ ತಿಳಿದರೆ ಮಾರನೆಯ ದಿನ ಬೆರಳಚ್ಚಿನವರು ಬರಬೇಕಾಗುತ್ತದೆ.

ರಾಜ್ಯದಲ್ಲಿ ಸುಧಾರಿತ ಬೀಟ್ ವ್ಯವಸ್ಥೆ ಬಂದದ್ದು 2017ರಲ್ಲಿ. ಬೀಟ್ ಎಂದರೆ ರಾತ್ರಿ ಸುತ್ತಿ ಸಹಿ ಹಾಕಿ ಬರುವುದಷ್ಟೇ ಅಲ್ಲ, ಇಂಥ ಬೀದಿಗೆ, ಇಂಥ ಹಳ್ಳಿಗೆ ಇಂಥವರೇ ಹೊಣೆ ಎಂದಾಯಿತು. ಜೊತೆಗೆ ಅಲ್ಲಿನ ನಿವಾಸಿಗಳನ್ನೂ ಸದಸ್ಯರನ್ನಾಗಿ ಸೇರಿಸಿಕೊಂಡರು. 2025ರ ಜುಲೈನಲ್ಲಿ ಶುರುವಾದ 'ಮನೆ ಮನೆಗೆ ಪೊಲೀಸ್' ಇದನ್ನೇ ಇನ್ನೊಂದು ಹೆಜ್ಜೆ ಮುಂದೊಯ್ದಿತು. 40–50 ಮನೆಗಳಿಗೊಂದು ಗುಂಪು. ಬೀಟ್ ಪೊಲೀಸರೇ ಬಾಗಿಲಿಗೆ ಬಂದು ಕಷ್ಟಸುಖ ಕೇಳಿ, ತಮ್ಮ ನಂಬರ್ ಕೊಟ್ಟು ಹೋಗಬೇಕು. ಆಗ ಗೃಹ ಸಚಿವರಾಗಿದ್ದ ಜಿ. ಪರಮೇಶ್ವರ ಇದೇ ಜಿಲ್ಲೆಯ ಕೊರಟಗೆರೆಯಿಂದ ಗೆದ್ದವರು. ಹಾಗಾಗಿ ಯೋಜನೆ ನಡೆಯಿತೋ ಇಲ್ಲವೋ ಎಂದು ತುಮಕೂರಿನವರು ಕೊಂಚ ಗಟ್ಟಿಯಾಗಿಯೇ ಕೇಳಬಹುದು.

ಬೆಳಗಾಗಿದೆ. ಗುಬ್ಬಿ ತಾಲ್ಲೂಕಿನ ಒಂದು ತೋಟದ ಮನೆಯಲ್ಲಿದ್ದೀರಿ. ತಲೆ ಎತ್ತಿ ಅಟ್ಟ ನೋಡಿ. ಕಾಯಿ ಸಿಪ್ಪೆಯೊಳಗೇ ಒಣಗಿ ಉಂಡೆ ಕೊಬ್ಬರಿಯಾಗಲು ಹತ್ತು ಹನ್ನೆರಡು ತಿಂಗಳು ಬೇಕು. ಅಲ್ಲಿಯವರೆಗೂ ಮನೆಯ ವರ್ಷದ ದುಡಿಮೆಯೆಲ್ಲ ಮೇಲೆಯೇ ಇರುತ್ತದೆ. ಅಂಗಳದಲ್ಲಿ ಬೇಯಿಸಿದ ಅಡಿಕೆ ಹರವಿದೆ. ಊರಿನ ಬ್ಯಾಂಕ್ ಲಾಕರ್ ಎಲ್ಲಿದೆ ಎಂದು ಯಾರನ್ನೂ ಕೇಳಬೇಕಾಗಿಲ್ಲ.

ಆದರೆ ಈ ಊರಿನ ಬೀಟ್ ಕಾನ್‌ಸ್ಟೆಬಲ್ ಮುಂದೆ ಅರಳಿಕಟ್ಟೆಯಲ್ಲಿ ಸೇರಿದವರ ದೂರು ಕೊಬ್ಬರಿಯದ್ದಲ್ಲ, ಕೊಳವೆಬಾವಿ ಕೇಬಲ್‌ನದ್ದು. "ಸಾರ್, ನೀರು ಹಾಯ್ಸಕ್ಕೆ ಹೋದ್ರೆ ಕೇಬಲ್ಲೇ ಇಲ್ಲ. ಕತ್ತರಿಸ್ಕೊಂಡ್ ಹೋಗವ್ರೆ." ಕದ್ದವರು ಮೇಲಿನ ಹೊದಿಕೆ ಸುಟ್ಟು ತಾಮ್ರವನ್ನು ಗುಜರಿಗೆ ಹಾಕುತ್ತಾರೆ. ಕಳ್ಳನಿಗೆ ಸಿಗುವುದು ಪುಡಿಗಾಸು. ಬೇಸಿಗೆಯಲ್ಲಿ ರೈತನಿಗೆ ತೋಟವೇ ಬಾಡುತ್ತದೆ. "ಯಾವಾಗ ಹೋಯ್ತು ಯಜಮಾನ್ರೆ?" "ಆಯ್ತು ಸಾರ್, ಹದಿನೈದು ದಿನ." ಕಾನ್‌ಸ್ಟೆಬಲ್ ಪೆನ್ನು ಕೆಳಗಿಡುತ್ತಾರೆ. ಹದಿನೈದು ದಿನದಲ್ಲಿ ಆ ತಾಮ್ರ ಎಷ್ಟು ಕೈ ದಾಟಿತೋ. ರಾತ್ರಿ ತೋಟದ ಕಡೆ ಸುಟ್ಟ ವಾಸನೆ ಬಂದಾಗಲೇ ಒಂದು ಫೋನ್ ಬಂದಿದ್ದರೆ ಗುಜರಿ ಅಂಗಡಿಯಲ್ಲೇ ಮಾಲು ಹಿಡಿಯುವ ಅವಕಾಶವಿತ್ತು.

"ನಾವೇ ಹುಡುಗ್ರು ರಾತ್ರಿ ಕಾಯ್ತೀವಿ ಬಿಡಿ ಸಾರ್," ಎನ್ನುತ್ತಾನೊಬ್ಬ ಯುವಕ. ಒಳ್ಳೆಯ ಮಾತೇ. ಹಿಂದೆ ತಳವಾರರು ಊರು ಕಾಯುತ್ತಿದ್ದರು. ಗ್ರಾಮ ರಕ್ಷಣಾ ದಳಕ್ಕೆಂದೇ ರಾಜ್ಯದಲ್ಲಿ 1964ರ ಕಾಯ್ದೆ ಇದೆ. ಆದರೆ ಯುವಕನ ಕೈಯಲ್ಲಿರುವ ದೊಣ್ಣೆ ನೋಡಿದರೆ ನನಗೆ ಭಯ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳ ಕಳ್ಳರು ಬಂದಿದ್ದಾರೆಂಬ ವಾಟ್ಸ್ಆ್ಯಪ್ ವದಂತಿ ನಂಬಿ ಜನ ಹೈದರಾಬಾದಿನ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರನ್ನು ಹೊಡೆದು ಕೊಂದರು. ಹೊಡೆದವರೂ ಊರು ಕಾಯುತ್ತಿದ್ದೇವೆಂದೇ ತಿಳಿದಿದ್ದರು. ಅಪರಿಚಿತ ಗಾಡಿ ಕಂಡರೆ ನಂಬರ್ ಬರೆದುಕೊಳ್ಳಿ, 112ಕ್ಕೆ ಕರೆ ಮಾಡಿ, ಮೈಮುಟ್ಟಬೇಡಿ ಎಂದು ಕಾನ್‌ಸ್ಟೆಬಲ್ ಹೇಳುತ್ತಾರೆ. ಯುವಕನಿಗೆ ಇದು ಸಪ್ಪೆ ಅನ್ನಿಸಿರಬೇಕು, ಮಾತಾಡುವುದಿಲ್ಲ.

ಕುಣಿಗಲ್‌ನದ್ದು ಬೇರೆ ಚಿಂತೆ: ಬೆಂಗಳೂರು–ಮಂಗಳೂರು ಹೆದ್ದಾರಿ. ವಿಳಾಸ ಕೇಳುವ ನೆಪದಲ್ಲಿ ಬೈಕ್ ನಿಲ್ಲಿಸಿ ಮಾಂಗಲ್ಯ ಸರ ಕಿತ್ತವನು, ಊರಲ್ಲಿ ಕೂಗು ಏಳುವಷ್ಟರಲ್ಲಿ ಹೆದ್ದಾರಿ ಸೇರಿರುತ್ತಾನೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಕಿತ್ತುಕೊಂಡು ಓಡುವುದಕ್ಕೆ 304 ಎಂಬ ಪ್ರತ್ಯೇಕ ಕಲಂ ಇದೆ. ಅಂದಿನಿಂದಲೇ ಜಾರಿಯಾದ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ ದೂರನ್ನು ಯಾವ ಠಾಣೆಯಲ್ಲಾದರೂ ಕೊಡಬಹುದು, 'ನಮ್ಮ ಸರಹದ್ದಲ್ಲ' ಎಂದು ಕಳಿಸುವಂತಿಲ್ಲ. ಪೇಟೆಯ ಅಂಗಡಿಯೊಂದರಲ್ಲಿ ಪೊಲೀಸರು ಕ್ಯಾಮೆರಾ ದೃಶ್ಯ ಕೇಳುತ್ತಿದ್ದಾರೆ, ನೋಡಿ. ಒಮ್ಮೆಗೆ 100 ಜನ ಅಥವಾ ದಿನಕ್ಕೆ 500 ಜನ ಬಂದು ಹೋಗುವ ಜಾಗಗಳಲ್ಲಿ ಕ್ಯಾಮೆರಾ ಇರಲೇಬೇಕು, ದೃಶ್ಯಗಳನ್ನು 30 ದಿನ ಉಳಿಸಬೇಕು ಎಂದು 2017ರ ಸಾರ್ವಜನಿಕ ಸುರಕ್ಷತಾ ಕಾಯ್ದೆ ಹೇಳುತ್ತದೆ. ಅಂಗಡಿಯವರು ತಲೆ ಕೆರೆದುಕೊಳ್ಳುತ್ತಾರೆ: "ಕ್ಯಾಮೆರಾ ಐತೆ ಸಾರ್, ರೆಕಾರ್ಡ್ ಆಗ್ತಿಲ್ಲ."

ತಪ್ಪು ಜನರದ್ದಷ್ಟೇ ಅಲ್ಲ. ಜಾತ್ರೆ, ಚುನಾವಣೆ, ಗಣ್ಯರ ಭೇಟಿ ಎಂದು ಬೀಟಿನವರನ್ನೇ ಬಂದೋಬಸ್ತಿಗೆ ಎಳೆದೊಯ್ದರೆ ಬೀದಿ ಖಾಲಿ, ಪುಸ್ತಕವೂ ಖಾಲಿ. ಮನೆ ಗುರುತಾಗುವಷ್ಟರಲ್ಲಿ ವರ್ಗಾವಣೆಯಾದರೆ ಆ ಅಜ್ಜಿ ಹೊಸಬರಿಗೆ ಮತ್ತೆ ಮೊದಲಿಂದ ಹೇಳಬೇಕು. ಯೋಜನೆಗೆ ಹೆಸರಿಟ್ಟವರು ಮೊದಲು ಬೀಟಿನವರನ್ನು ಬೀಟಿನಲ್ಲೇ ಇರಗೊಡಲಿ.

ನಮ್ಮ ಪಾಲಿನದು ಇಷ್ಟು: ನಿಮ್ಮ ಬೀದಿಯ ಬೀಟ್ ಪೊಲೀಸರು ಯಾರೆಂದು ಈ ವಾರ ಠಾಣೆಗೆ ಹೋಗಿ ಕೇಳಿ, ನಂಬರ್ ಬರೆದುಕೊಳ್ಳಿ. ಊರಿಗೆ ಹೊರಡುವಾಗ ಫೇಸ್‌ಬುಕ್ಕಿಗೆ ಹೇಳುವ ಮೊದಲು ಅವರಿಗೆ, ಪಕ್ಕದ ಮನೆಯವರಿಗೆ ಹೇಳಿ. ಪೇಪರ್‌ನವರಿಗೂ.