ಸದ್ದಡಗಿದ ಡಿಸ್ಕು

ಬೆಂಗಳೂರಿನ ಟೌನ್‌ಹಾಲ್ ಸ್ಟಾಪಿನಲ್ಲಿ ಬಸ್ಸಿಳಿದು ಎಸ್‌.ಪಿ. ರೋಡಿಗೆ ನಡೆದು ಬರುವಾಗ ಮೊದಲು ಮೂಗಿಗೆ ಬಡಿಯುತ್ತಿದ್ದದ್ದು ಗ್ರೀಸಿನ ವಾಸನೆ. ಸಾದರ ಪತ್ರಪ್ಪ ರಸ್ತೆ ಅಂತ ಪೂರ್ತಿ ಹೆಸರು ಹೇಳಿದವರನ್ನು ನಾನು ಕಂಡದ್ದು ಕಡಿಮೆ. 2004ರಲ್ಲಿ ತಿಪಟೂರಿನಿಂದ ಡಿಪ್ಲೊಮಾ ಸರ್ಟಿಫಿಕೇಟು ಹಿಡಿದುಕೊಂಡು ಬಂದ ನನಗೆ ಅಲ್ಲಿ ಕೆಲಸ ಸಿಕ್ಕಿತು. ಕೆಳಗಿನ ಮಳಿಗೆಯಲ್ಲಿ ಬೇರಿಂಗು, ಬೆಲ್ಟು, ಪಂಪಿನ ವಾಷರು. ಮೇಲೆ ಎಂಟಡಿಗೆ ಹತ್ತಡಿಯ ಜಾಗದಲ್ಲಿ ನಮ್ಮ ಕಂಪ್ಯೂಟರ್ ರಿಪೇರಿ. ಮೆಟ್ಟಿಲು ಎಷ್ಟು ಕಡಿದಾಗಿತ್ತೆಂದರೆ ಹಳೇ ಗಾಜಿನ ಮಾನಿಟರು ಹೊತ್ತವರು ಹಿಮ್ಮುಖವಾಗಿಯೇ ಇಳಿಯಬೇಕಿತ್ತು.

ನಮ್ಮ ಯಜಮಾನರು ರೇಡಿಯೊ, ಟೇಪ್‌ರೆಕಾರ್ಡರ್ ರಿಪೇರಿಯಿಂದ ಕಂಪ್ಯೂಟರಿಗೆ ಬಂದವರು. ಇಂಗ್ಲಿಷ್ ಮ್ಯಾನ್ಯುಯಲ್ ಓದುವ ತಾಳ್ಮೆ ಅವರಿಗಿರಲಿಲ್ಲ. ಹಾರ್ಡ್‌ಡಿಸ್ಕ್ ಕೆಟ್ಟಿದೆ ಅಂತ ಯಾರಾದರೂ ತಂದರೆ, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಡಿಸ್ಕಿನ ಮೇಲಿಟ್ಟು, ಹಿಡಿಯನ್ನು ಕಿವಿಗೊತ್ತಿ, ಕಣ್ಣುಮುಚ್ಚಿ ಕೂರುತ್ತಿದ್ದರು. ಕೆಳಗಿನ ಬೇರಿಂಗ್ ಅಂಗಡಿಯವರು ಮೋಟರು ನೋಡುವ ಕ್ರಮ ಅದು. ಇವರು ಅದನ್ನೇ ಮೇಲಕ್ಕೆ ತಂದಿದ್ದರು. ನಾನು ಆತುರದಲ್ಲಿ ಸ್ಕ್ರೂ ತಿರುಗಿಸಲು ಹೋದರೆ, "ಮೊದ್ಲು ಕೇಳಿಸ್ಕೊಳಯ್ಯ, ಆಮೇಲೆ ಬಿಚ್ಚು" ಅನ್ನುತ್ತಿದ್ದರು.

ವರ್ಷ ಕಳೆಯುವುದರೊಳಗೆ ನನ್ನ ಕಿವಿಯೂ ಪಳಗಿತು. ಆರೋಗ್ಯವಾಗಿರುವ ಡಿಸ್ಕು ಸಣ್ಣಗೆ ಸುಂಯ್ ಅನ್ನುತ್ತದೆ, ನಡುನಡುವೆ ಕರಕರ. ಆ ಕರಕರ ಬಿಟ್ಟೂಬಿಡದೆ ಬರತೊಡಗಿದರೆ ಬ್ಯಾಡ್ ಸೆಕ್ಟರು ಶುರುವಾಗಿದೆ, ಡೇಟಾ ಇವತ್ತೇ ಎತ್ತಿಟ್ಟುಕೊಳ್ಳಬೇಕು. ಗಡಿಯಾರದ ಹಾಗೆ ಟಕ್, ಟಕ್, ಟಕ್ ಅಂದರೆ ಓದುವ ಹೆಡ್ಡು ಹೋಯಿತು. ಸ್ವಿಚ್ ಆರಿಸಿ ಕೈಮುಗಿಯುವುದು. ಸಾಯುವ ಡಿಸ್ಕು ಹೀಗೆ ಸಾಮಾನ್ಯವಾಗಿ ಹೇಳಿಕೊಂಡೇ ಸಾಯುತ್ತಿತ್ತು. ವಾರವೋ ಹದಿನೈದು ದಿನವೋ ಮುಂಚೆ ಸೂಚನೆ ಕೊಡುತ್ತಿತ್ತು. ಕೇಳಿಸಿಕೊಳ್ಳುವವರು ಬೇಕಿತ್ತು, ಅಷ್ಟೆ.

ಹೊರಗಿನವರಿಗೆ ಒಂದು ಮಾತು ಬಿಡಿಸಿ ಹೇಳಬೇಕು. ಲ್ಯಾಪ್‌ಟಾಪ್ ಸ್ಲೋ ಆಗಿದೆ ಅಂತ ಬಂದವರೆಲ್ಲ ಪ್ರೊಸೆಸರನ್ನೇ ಬೈಯುತ್ತಿದ್ದರು, ಅಥವಾ ವೈರಸ್ಸನ್ನು. ಪಾಪ, ಪ್ರೊಸೆಸರು ಬಹುಪಾಲು ಹೊತ್ತು ಕೆಲಸವಿಲ್ಲದೆ ಕೂತಿರುತ್ತಿತ್ತು. ಲ್ಯಾಪ್‌ಟಾಪಿನ ಹಾರ್ಡ್‌ಡಿಸ್ಕೊಳಗಿನ ತಟ್ಟೆ ನಿಮಿಷಕ್ಕೆ 5400 ಸಲ, ಅಂದರೆ ಸೆಕೆಂಡಿಗೆ 90 ಸುತ್ತು ತಿರುಗುತ್ತದೆ. ಕೇಳಲು ಭಾರಿ ವೇಗ. ಆದರೆ ಬೇಕಾದ ಜಾಗಕ್ಕೆ ಹೆಡ್ಡು ಹೋಗಬೇಕು, ಬೇಕಾದ ಭಾಗ ತಿರುಗಿ ಹೆಡ್ಡಿನ ಕೆಳಗೆ ಬರುವ ತನಕ ಕಾಯಬೇಕು. ಅಲ್ಲೊಂದು ಇಲ್ಲೊಂದು ಚದುರಿಬಿದ್ದ ಸಣ್ಣ ಫೈಲುಗಳಾದರೆ ಸೆಕೆಂಡಿಗೆ ಅರವತ್ತು ಎಪ್ಪತ್ತು ತುಣುಕು ಓದಿದರೆ ಹೆಚ್ಚು. ವಿಂಡೋಸ್ ಏಳುವಾಗ ಬೇಕಾಗುವುದು ಸಾವಿರಾರು ತುಣುಕು. ಒಬ್ಬನೇ ಗುಮಾಸ್ತ ಇರುವ ಕಚೇರಿಗೆ ಹಳ್ಳಿಯವರೆಲ್ಲ ಒಂದೇ ದಿನ ಪಹಣಿಗೆ ಬಂದು ನಿಂತ ಹಾಗೆ. ಗುಮಾಸ್ತ ಸೋಮಾರಿಯಲ್ಲ, ಒಂದೊಂದು ಕಡತಕ್ಕೂ ಎದ್ದುಹೋಗಿ ಬೀರು ತೆಗೆಯಬೇಕು.

ಇದಕ್ಕೆ ನಮ್ಮ ಮದ್ದು ಒಂದೇ: ಫಾರ್ಮ್ಯಾಟ್ ಹೊಡೆಯುವುದು. ಮುನ್ನೂರು ರೂಪಾಯಿ ತಗೊಂಡು ವಿಂಡೋಸ್ ಹೊಸದಾಗಿ ಹಾಕಿಕೊಟ್ಟರೆ ಮೂರು ತಿಂಗಳು ಚೆನ್ನಾಗಿ ಓಡುತ್ತಿತ್ತು, ಆಮೇಲೆ ಮತ್ತದೇ ಗಿರಾಕಿ, ಮತ್ತದೇ ದೂರು. ಅಂಗಡಿಯ ಬಾಡಿಗೆ ಹುಟ್ಟುತ್ತಿದ್ದದ್ದು ಈ ಸುತ್ತಿನಿಂದಲೇ ಅಂದರೆ ಸುಳ್ಳಲ್ಲ.

2011ರ ಮಳೆಗಾಲದ ಕೊನೆಗೆ ಥಾಯ್ಲೆಂಡಿನಲ್ಲಿ ಪ್ರವಾಹ ಬಂತು. ಅಲ್ಲಿನ ನೆರೆಗೂ ನಮ್ಮ ರೋಡಿಗೂ ಏನು ಸಂಬಂಧ ಅಂತ ಯಾರೂ ಕೇಳುವ ಹಾಗಿರಲಿಲ್ಲ, ಯಾಕೆಂದರೆ ಪ್ರಪಂಚದ ಹಾರ್ಡ್‌ಡಿಸ್ಕ್ ಕಾರ್ಖಾನೆಗಳಲ್ಲಿ ದೊಡ್ಡ ಪಾಲು ಅಲ್ಲೇ ಇತ್ತು. ವೆಸ್ಟರ್ನ್ ಡಿಜಿಟಲ್‌ನ ಕಾರ್ಖಾನೆಗೆ ನೀರು ನುಗ್ಗಿತ್ತು. ದೀಪಾವಳಿಯ ಆಸುಪಾಸಿನಲ್ಲಿ ಡಿಸ್ಕಿನ ಬೆಲೆ ಬೆಳಿಗ್ಗೆ ಒಂದು, ಸಂಜೆ ಒಂದು. ನೋಡನೋಡುತ್ತ ದುಪ್ಪಟ್ಟಾಯಿತು. ಹೋಲ್‌ಸೇಲಿನವರು ಫೋನೇ ಎತ್ತುತ್ತಿರಲಿಲ್ಲ. ಗೋಡೌನಿನಲ್ಲಿ ಹಳೇ ಸ್ಟಾಕು ಇಟ್ಟುಕೊಂಡಿದ್ದವರು ಆ ವರ್ಷ ಸೈಟು ಕೊಂಡರು ಅಂತ ರೋಡಿನಲ್ಲಿ ಮಾತಾಡಿಕೊಳ್ಳುತ್ತಿದ್ದರು; ನಿಜವೋ ಹೊಟ್ಟೆಕಿಚ್ಚೋ ನನಗೆ ತಿಳಿಯದು.

ಎಸ್‌ಎಸ್‌ಡಿ ಅನ್ನುವ, ತಿರುಗುವ ತಟ್ಟೆಯ ಬದಲು ಚಿಪ್ಪಿರುವ ಡಿಸ್ಕಿನ ಹೆಸರು ಕಿವಿಗೆ ಬಿದ್ದಿತ್ತಾದರೂ ಅದು ನಮ್ಮ ಗಿರಾಕಿಗಳ ಮಾಲಲ್ಲ ಅಂದುಕೊಂಡಿದ್ದೆವು. ಅದರೊಳಗಿನ ಫ್ಲ್ಯಾಶ್ ಚಿಪ್ಪು ಹೊಸದೇನೂ ಅಲ್ಲ, ಜಪಾನಿನ ತೊಶಿಬಾದಲ್ಲಿ ಫುಜಿಯೊ ಮಸುಓಕ ಎಂಬ ಎಂಜಿನಿಯರ್ 1980ರ ದಶಕದಲ್ಲೇ ಕಂಡುಹಿಡಿದದ್ದು. ಪೆನ್‌ಡ್ರೈವು, ಕ್ಯಾಮೆರಾ ಕಾರ್ಡು ಎಲ್ಲದರಲ್ಲೂ ಅದೇ. ಆದರೆ 2013ರಲ್ಲಿ ಮೊದಲ ಸಲ ನಮ್ಮ ಮೇಜಿಗೆ ಬಂದ 120 ಜಿಬಿಯ ಎಸ್‌ಎಸ್‌ಡಿಗೆ ಆರು ಸಾವಿರದ ಮೇಲಿತ್ತು. ಅಷ್ಟಕ್ಕೆ ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪೇ ಬರುತ್ತಿತ್ತು. ಡಬ್ಬಿ ಎತ್ತಿದಾಗ ಎಷ್ಟು ಹಗುರವಿತ್ತೆಂದರೆ, ಖಾಲಿ ಪೆಟ್ಟಿಗೆ ಕಳಿಸಿ ಮೋಸ ಮಾಡಿದ್ದಾರೆ ಅಂತ ನಾನು ಸಪ್ಲೈಯರಿಗೆ ಫೋನು ಮಾಡಿಬಿಟ್ಟಿದ್ದೆ.

ಯಜಮಾನರು ಅಭ್ಯಾಸಬಲದಿಂದ ಸ್ಕ್ರೂಡ್ರೈವರಿನ ತುದಿಯನ್ನು ಅದರ ಮೇಲಿಟ್ಟು ಕಿವಿಗೊಟ್ಟರು. ಲ್ಯಾಪ್‌ಟಾಪ್ ಆನ್ ಇತ್ತು, ವಿಂಡೋಸ್ ಇಪ್ಪತ್ತು ಸೆಕೆಂಡಿಗೇ ಎದ್ದು ಕೂತಿತ್ತು. ಅವರು ಒಂದು ನಿಮಿಷ ಹಾಗೇ ಕೇಳಿಸಿಕೊಂಡು, ಹಿಡಿಯನ್ನು ಇನ್ನೊಂದು ಕಿವಿಗೆ ಬದಲಾಯಿಸಿ ನೋಡಿ, "ಬದುಕಿದೆಯೋ ಸತ್ತಿದೆಯೋ ಹೆಂಗಯ್ಯ ಹೇಳೋದು ಇದನ್ನ?" ಅಂದರು. ನಾನು ನಕ್ಕೆ. ಅವರು ನಗಲಿಲ್ಲ.

ಮೊದಮೊದಲು ಕೈ ಸುಟ್ಟುಕೊಂಡೆ. ಹಳೇ ಲ್ಯಾಪ್‌ಟಾಪಿನ ಬಯೋಸ್‌ನಲ್ಲಿ ಡಿಸ್ಕು ಐಡಿಇ ಮೋಡ್‌ನಲ್ಲಿರುತ್ತದೆ, ಎಸ್‌ಎಸ್‌ಡಿಗೆ ಎಎಚ್‌ಸಿಐ ಮೋಡ್ ಇದ್ದರೆ ಒಳ್ಳೆಯದು ಅಂತ ಯಾರೋ ಹೇಳಿದರು. ಕ್ಲೋನ್ ಮಾಡಿ ಮುಗಿಸಿ, ಜಾಣನ ಹಾಗೆ ಮೋಡ್ ಬದಲಿಸಿದೆ. ನೀಲಿ ಪರದೆ. ಗಿರಾಕಿ ಪಕ್ಕದಲ್ಲೇ ನಿಂತಿದ್ದಾನೆ, ಅವನ ಪ್ರಾಜೆಕ್ಟು ನಾಳೆ ಬೆಳಿಗ್ಗೆಗೆ. ವಿಂಡೋಸ್ 7 ತನಗೆ ಬೇಡವೆಂದು ಮಲಗಿಸಿಟ್ಟ ಡ್ರೈವರನ್ನು ರಿಜಿಸ್ಟ್ರಿಯಲ್ಲಿ ಮೊದಲೇ ಎಬ್ಬಿಸಿಡಬೇಕು, ಅಲ್ಲಿರುವ 3ನ್ನು 0 ಮಾಡಿ ಆಮೇಲೆ ಮೋಡ್ ಬದಲಿಸಬೇಕು ಅನ್ನುವುದು ತಿಳಿದದ್ದು ರಾತ್ರಿ ಒಂಬತ್ತೂವರೆಗೆ, ಎದುರು ಅಂಗಡಿಯ ಹುಡುಗ ಷಟರ್ ಎಳೆಯುತ್ತ ಕೂಗಿ ಹೇಳಿದಾಗ. ಎಸ್‌.ಪಿ. ರೋಡಿನಲ್ಲಿ ವಿದ್ಯೆ ಹರಡುತ್ತಿದ್ದದ್ದು ಹೀಗೆ, ಬೀದಿಯ ಆ ಕಡೆಯಿಂದ ಈ ಕಡೆಗೆ ಕೂಗಿ.

ಇನ್ನೊಂದು ತೊಂದರೆ ದಪ್ಪದ್ದು. ಹಳೇ ಲ್ಯಾಪ್‌ಟಾಪಿನ ಡಿಸ್ಕು ಒಂಬತ್ತೂವರೆ ಮಿಲಿಮೀಟರ್ ದಪ್ಪ, ಎಸ್‌ಎಸ್‌ಡಿ ಏಳೇ ಮಿಲಿಮೀಟರ್. ಉಳಿದ ಎರಡೂವರೆ ಮಿಲಿಮೀಟರ್ ಸಂದಿಯಿಂದ ಕೆಲವು ಮಾಡೆಲ್ಲುಗಳಲ್ಲಿ ಡ್ರೈವು ಅಲ್ಲಾಡಿ ಕನೆಕ್ಟರ್ ಬಿಟ್ಟುಹೋಗುತ್ತಿತ್ತು. ಡಬ್ಬಿಯಲ್ಲಿ ಪ್ಲಾಸ್ಟಿಕ್ ಚೌಕಟ್ಟೊಂದು ಬರಬೇಕು, ಅಗ್ಗದ ಮಾಲಿನಲ್ಲಿ ಬರುತ್ತಿರಲಿಲ್ಲ.

ಲಗ್ನಪತ್ರಿಕೆಯ ಅಣ್ಣನ ಕತೆ ಹೇಳಬೇಕಾದದ್ದು ಇಲ್ಲಿ. ಚಿಕ್ಕಪೇಟೆಯ ಓಣಿಯೊಂದರಲ್ಲಿ ಕಾರ್ಡು ಡಿಸೈನ್ ಮಾಡುತ್ತಿದ್ದವರು. ಕಂಪನಿಯೊಂದು ಹೊರಹಾಕಿದ ಕರಿ ಇಟ್ಟಿಗೆಯಂಥ ಲ್ಯಾಪ್‌ಟಾಪು, ಅದರಲ್ಲಿ ಪೇಜ್‌ಮೇಕರ್, ಕೋರಲ್‌ಡ್ರಾ, ನುಡಿ. ಬೆಳಿಗ್ಗೆ ಅಂಗಡಿ ತೆಗೆದು ಸ್ವಿಚ್ ಒತ್ತಿ, ಗುಡಿಸಿ, ದೇವರಿಗೆ ಊದುಬತ್ತಿ ಹಚ್ಚಿ, ಪಕ್ಕದ ಹೋಟೆಲಿನಿಂದ ಬೈಟು ಕಾಫಿ ತರಿಸಿ ಕುಡಿದು ಮುಗಿಸುವ ಹೊತ್ತಿಗೆ ಪರದೆ ಬರುತ್ತಿತ್ತಂತೆ. 2014ರ ಮದುವೆ ಸೀಸನ್ನಿಗೆ ಮುಂಚೆ ಬಂದು, "ತಮ್ಮಾ, ಬೆಲೆ ಇಳಿದಿದೆಯಂತಲ್ಲ, ಹಾಕಿಬಿಡು" ಅಂದರು. ನನಗೆ ಆ ವಾರ ಸಿಕ್ಕಿದ್ದು ಚೌಕಟ್ಟಿಲ್ಲದ ಮಾಲು. ಅವರು ಚೀಲದಿಂದ ಕಾರ್ಡೊಂದು ತೆಗೆದುಕೊಟ್ಟರು. ಗುರುವಾರದ ಮುಹೂರ್ತ ಬುಧವಾರ ಅಂತ ಅಚ್ಚಾಗಿ ವಾಪಸ್ಸು ಬಂದ ಕಾರ್ಡು. ಮುನ್ನೂರು ಪ್ರತಿ ಹಾಗೇ ಉಳಿದಿತ್ತು. ಕತ್ತರಿಸಿ ಆರು ಪದರ ಮಾಡಿದಾಗ ಸಂದಿಗೆ ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತು. ಅಂಚಿನಲ್ಲಿ ಅರಿಶಿನ ಬಣ್ಣದ ಬಳ್ಳಿ, ಮೇಲುಗಡೆ 'ಆಗಮನಾಭಿಲಾಷಿಗಳು' ಅನ್ನುವುದರ ಅರ್ಧ.

ಹಳೇ ಡಿಸ್ಕನ್ನು ಇನ್ನೂರು ರೂಪಾಯಿಯ ಯುಎಸ್‌ಬಿ ಕೇಸಿಗೆ ಹಾಕಿ ಕೈಗೆ ಕೊಟ್ಟೆ. ಲ್ಯಾಪ್‌ಟಾಪು ಎದ್ದ ವೇಗ ನೋಡಿ ಅಣ್ಣ, "ಇನ್ಮೇಲೆ ಊದುಬತ್ತಿ ಯಾವಾಗ ಹಚ್ಲಿ ಮಾರಾಯ?" ಅಂತ ಕೇಳಿದರು.

2016ರ ನಂತರದ ನಾಲ್ಕೈದು ವರ್ಷ ನಮ್ಮ ಕಸುಬಿನ ಸುಗ್ಗಿ. 2019ರ ಹೊತ್ತಿಗೆ 240 ಜಿಬಿ ಎರಡು ಸಾವಿರದ ಆಸುಪಾಸಿಗೆ ಇಳಿದಿತ್ತು. ಹಳೇ ಯಂತ್ರದ ಸಾಟಾ ದಾರಿ ಕಿರಿದು, ಎಸ್‌ಎಸ್‌ಡಿಯ ಪೂರ್ತಿ ವೇಗ ಸಿಗುವುದಿಲ್ಲ ಅಂತ ಓದಿಕೊಂಡವರು ವಾದಿಸುತ್ತಿದ್ದರು. ನಿಜ, ಸಿಗುವುದಿಲ್ಲ. ಆದರೆ ತಟ್ಟೆ ತಿರುಗುವ ಕಾಯುವಿಕೆ ತಪ್ಪಿದ್ದೇ ಸಾಕಾಗಿತ್ತು. ಕಡತವೆಲ್ಲ ಮೇಜಿನ ಮೇಲೇ ಇದ್ದರೆ ಗುಮಾಸ್ತನಿಗೆ ದೊಡ್ಡ ಬಾಗಿಲೇನೂ ಬೇಡ. ಜಾಗ ಸಾಲದವರಿಗೆ ಡಿವಿಡಿ ಡ್ರೈವು ಕಿತ್ತು, ಆ ಜಾಗಕ್ಕೆ ಕ್ಯಾಡಿ ಅನ್ನುವ ಚೌಕಟ್ಟಿನಲ್ಲಿ ಹಳೇ ಡಿಸ್ಕು ಕೂರಿಸಿ, ಡಿವಿಡಿಯ ಮುಂಭಾಗದ ಪಟ್ಟಿಯನ್ನು ಕ್ಯಾಡಿಗೆ ಸಿಕ್ಕಿಸಿಕೊಡುತ್ತಿದ್ದೆವು. ಕಿತ್ತ ಡಿವಿಡಿ ಡ್ರೈವುಗಳು ನನ್ನ ಅಟ್ಟದ ಮೇಲೆ ಎರಡು ಗೋಣಿಚೀಲ ಇವೆ, ತೂಕಕ್ಕೂ ಕೇಳುವವರಿಲ್ಲ.

2020ರಲ್ಲಿ ಲಾಕ್‌ಡೌನ್ ಸಡಿಲಗೊಂಡ ಮೇಲೆ ಬಂದ ಲ್ಯಾಪ್‌ಟಾಪುಗಳನ್ನು ನಾನು ಮರೆಯುವುದಿಲ್ಲ. ಸಜ್ಜೆಯ ಮೇಲಿಂದ ಇಳಿಸಿದವು. ಕೀಲಿಗಳ ಸಂದಿಯಲ್ಲಿ ಜಿರಳೆ ಮೊಟ್ಟೆ, ಬ್ಯಾಟರಿ ಉಬ್ಬಿದೆ, ಹಿಂಜು ಮುರಿದು ಸೆಲ್ಲೋಟೇಪು ಸುತ್ತಿದೆ. ಮಗಳಿಗೆ ಆನ್‌ಲೈನ್ ಕ್ಲಾಸು, ಹೊಸದು ಮಾರ್ಕೆಟ್ಟಿನಲ್ಲಿ ಸಿಗುತ್ತಿಲ್ಲ, ಸಿಕ್ಕರೂ ಕೊಳ್ಳಲು ಸಂಬಳ ಇಲ್ಲ. ಎಂಟು ಹತ್ತು ವರ್ಷದ ಯಂತ್ರಗಳು ಒಂದು ಎಸ್‌ಎಸ್‌ಡಿ, ಒಂದು ರ‍್ಯಾಮು ಕಂಡು ಎದ್ದು ಓಡಾಡಿದವು. ಕೆಲಸದಲ್ಲಿ ತೃಪ್ತಿ ಅಂತ ನನಗೆ ಸಿಕ್ಕಿದ್ದು ಆ ತಿಂಗಳುಗಳಲ್ಲೇ. ಯಜಮಾನರು ಅಷ್ಟರಲ್ಲಿ ಅಂಗಡಿಯನ್ನು ನನಗೆ ಬಿಟ್ಟು ಊರು ಸೇರಿದ್ದರು. ಫೋನಿನಲ್ಲಿ ಹೇಳಿದರೆ, "ಡೇಟಾ ಬ್ಯಾಕಪ್ ತಗೊಳಕ್ಕೆ ಹೇಳ್ತಾ ಇದ್ದೀಯಾ ತಾನೆ?" ಅಂತಷ್ಟೇ ಕೇಳಿದರು.

ಹೇಳುತ್ತಿದ್ದೆ, ಆದರೆ ಗಟ್ಟಿಯಾಗಿ ಅಲ್ಲ. 2022ರಲ್ಲಿ ಲಗ್ನಪತ್ರಿಕೆಯ ಅಣ್ಣ ಬೆಳಿಗ್ಗೆ ಹತ್ತಕ್ಕೇ ಮೆಟ್ಟಿಲು ಹತ್ತಿ ಬಂದರು. ನಿನ್ನೆ ರಾತ್ರಿ ಎಂಟರವರೆಗೂ ಚೆನ್ನಾಗಿತ್ತು, ಇವತ್ತು ಡಿಸ್ಕೇ ಇಲ್ಲ ಅನ್ನುತ್ತಿದೆ. ಬೇರೆ ಯಂತ್ರಕ್ಕೆ ಹಾಕಿ ನೋಡಿದೆ, ಕೇಬಲ್ ಬದಲಿಸಿ ನೋಡಿದೆ. ಬಯೋಸ್‌ಗೆ ಹೆಸರೂ ಕಾಣದು. ಚಿಪ್ಪುಗಳಲ್ಲಿ ಎಲ್ಲ ಇದ್ದಿರಬಹುದು, ಆದರೆ ಅವನ್ನು ಕಾಯುವ ಕಂಟ್ರೋಲರು ಸತ್ತರೆ ಬೀಗದ ಕೈ ಬಾವಿಗೆ ಬಿದ್ದ ಹಾಗೆ. ಟಕ್ ಇಲ್ಲ, ಕರಕರ ಇಲ್ಲ. ಎಂಟು ವರ್ಷ ಮಾತಾಡದೆ ದುಡಿದು ಮಾತಾಡದೆ ಹೋಗಿತ್ತು. ರಿಕವರಿಯವರು ಹೇಳಿದ ಮೊತ್ತ ಕೇಳಿ ಅಣ್ಣ ಕುರ್ಚಿ ಎಳೆದುಕೊಂಡು ಕೂತರು. ತಪ್ಪು ಅರ್ಧ ನನ್ನದು. ಹಾರ್ಡ್‌ಡಿಸ್ಕಿನ ಗಿರಾಕಿಗೆ ಸದ್ದೇ ಎಚ್ಚರಿಕೆ ಕೊಡುತ್ತಿತ್ತು, ಎಸ್‌ಎಸ್‌ಡಿ ಗಿರಾಕಿಗೆ ಆ ಎಚ್ಚರಿಕೆಯನ್ನು ನಾನು ಬಾಯಿಬಿಟ್ಟು ಕೊಡಬೇಕಿತ್ತು.

ಆಮೇಲೆ ನೆನಪಾಗಿ ಅಣ್ಣ ಮನೆಗೆ ಫೋನು ಮಾಡಿದರು. ಮಗ ಯುಎಸ್‌ಬಿ ಕೇಸು ತಂದುಕೊಟ್ಟ. ಬೀರುವಿನಲ್ಲಿ ಎಂಟು ವರ್ಷ ಮಲಗಿದ್ದ ಆ ಹಾರ್ಡ್‌ಡಿಸ್ಕನ್ನು ಸಿಕ್ಕಿಸಿದಾಗ ಒಂದು ಕ್ಷಣ ಏನೂ ಇಲ್ಲ, ಆಮೇಲೆ ಸುಂಯ್ ಅಂತ ಎದ್ದಿತು. ಕರಕರ ಶುರುವಾಯಿತು. ಅಣ್ಣನ ಮುಖ ಅರಳಿತು, "ಓ, ಇದೇ ಸದ್ದು" ಅಂದರು. 2014ರವರೆಗಿನ ಬಳ್ಳಿ, ಕಲಶ, ಗಣಪತಿ, ಬಾರ್ಡರುಗಳೆಲ್ಲ ಬಂದವು. ಆಮೇಲಿನವು ಬರಲಿಲ್ಲ, ಗಿರಾಕಿಗಳಿಗೆ ವಾಟ್ಸಾಪಿನಲ್ಲಿ ಕಳಿಸಿದ್ದನ್ನು ಒಂದೊಂದಾಗಿ ಹುಡುಕಿ ಮತ್ತೆ ಕೂಡಿಸಿಕೊಂಡರು.

ಈಗ ಬರುವ ಲ್ಯಾಪ್‌ಟಾಪುಗಳಲ್ಲಿ ತೆಳ್ಳನೆಯ ಎಂ.2 ಪಟ್ಟಿ, 22 ಮಿಲಿಮೀಟರಿಗೆ 80. ಒಂದೇ ಸ್ಕ್ರೂ. ಕೆಲವಲ್ಲಿ ಅದೂ ಇಲ್ಲ, ಚಿಪ್ಪನ್ನು ಬೋರ್ಡಿಗೇ ಬೆಸೆದಿರುತ್ತಾರೆ. ಬಿಚ್ಚಿದರೆ ಬದಲಿಸುವುದಕ್ಕೆ ಏನೂ ಇರುವುದಿಲ್ಲ. ಹುಡುಗರು ಎಸ್‌ಎಸ್‌ಡಿಯನ್ನು ಆನ್‌ಲೈನಿನಲ್ಲಿ ತರಿಸಿ ವೀಡಿಯೊ ನೋಡಿಕೊಂಡು ಮನೆಯಲ್ಲೇ ಹಾಕುತ್ತಾರೆ, ಸ್ಕ್ರೂ ಕಳೆದುಕೊಂಡಾಗ ಮಾತ್ರ ನಮ್ಮಲ್ಲಿಗೆ ಬರುತ್ತಾರೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಅಪ್‌ಡೇಟು ನಿಂತಿತು. ಲಾಕ್‌ಡೌನಿನಲ್ಲಿ ನಾನು ಎಬ್ಬಿಸಿ ನಿಲ್ಲಿಸಿದ ಯಂತ್ರಗಳಲ್ಲಿ ಬಹುತೇಕ ಯಾವುದನ್ನೂ ವಿಂಡೋಸ್ 11 ಒಳಗೆ ಬಿಟ್ಟುಕೊಳ್ಳುವುದಿಲ್ಲ. ಒಪ್ಪಿದವರಿಗೆ ಲಿನಕ್ಸ್ ಹಾಕಿಕೊಡುತ್ತಿದ್ದೇನೆ.

ಡಿಸ್ಕು ಸತ್ತ ಆ ದಿನ ಅಣ್ಣ ಇನ್ನೊಂದು ಎಸ್‌ಎಸ್‌ಡಿಯನ್ನೇ ಹಾಕಿಸಿಕೊಂಡರು, ಜೊತೆಗೆ ಬ್ಯಾಕಪ್ಪಿಗೆಂದು ತಿರುಗುವ ತಟ್ಟೆಯ ಡಿಸ್ಕೊಂದನ್ನು ಕೇಳಿ ಕೊಂಡರು. ಹಳೆಯದನ್ನು ಬಿಚ್ಚಿದಾಗ ಕಾರ್ಡಿನ ಆರು ಪದರ ಬಿಸಿಗೆ ಅಂಟಿಕೊಂಡು ಒಂದೇ ಹಲಗೆಯ ಹಾಗಾಗಿತ್ತು, ಅರಿಶಿನದ ಬಳ್ಳಿ ಕಂದಿತ್ತು. ಹೊಸ ಡಬ್ಬಿಯಲ್ಲಿ ಪ್ಲಾಸ್ಟಿಕ್ ಚೌಕಟ್ಟು ಬಂದಿತ್ತು. ಅಣ್ಣ ಅದನ್ನು ಪಕ್ಕಕ್ಕೆ ಸರಿಸಿ, "ಈ ಕಾರ್ಡಿನವರ ಮಕ್ಕಳು ಈಗ ಸ್ಕೂಲಿಗೆ ಹೋಗ್ತವೆ ತಮ್ಮಾ, ಅದನ್ನೇ ಇಡು" ಅಂದರು. ಇಟ್ಟು ಸ್ಕ್ರೂ ಬಿಗಿ ಮಾಡಿದೆ.