ಮರ, ಕಲ್ಲು, ಕಬ್ಬಿಣ

ಪ್ರಸಿದ್ಧವಾದ ಕಟ್ಟಡಗಳು ಯಾವುವು ಎಂದು ಕೇಳಿದರೆ ನಮ್ಮ ವಿದ್ಯಾರ್ಥಿಗಳು ತಡವರಿಸದೆ ಉತ್ತರ ಹೇಳುತ್ತಾರೆ: ತಾಜಮಹಲು, ಕುತುಬ್ ಮಿನಾರು, ವಿಜಯಪುರದ ಗೋಳಗುಮ್ಮಟ, ಈಜಿಪ್ಟಿನ ಪಿರಮಿಡ್ಡುಗಳು, ಪ್ಯಾರಿಸ್ಸಿನ ಐಫೆಲ್ ಗೋಪುರ. ಕಟ್ಟಿಸಿದವರು ಯಾರು, ಎತ್ತರವೆಷ್ಟು ಎಂಬುದೂ ಅವರ ನಾಲಗೆಯ ತುದಿಯಲ್ಲಿರುತ್ತದೆ. ಆದರೆ ಅದೇ ಹುಡುಗರನ್ನು, ನೀವು ದಿನವೂ ಹಾದುಬರುವ ದಾರಿಯಲ್ಲಿರುವ ಆ ಹಳೆಯ ಕಟ್ಟಡದ ಕಥೆಯೇನು ಎಂದು ಕೇಳಿದರೆ ಒಬ್ಬರ ಮುಖವನ್ನೊಬ್ಬರು ನೋಡುತ್ತಾರೆ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಕಟ್ಟಡಗಳಿಗೂ ಸಲ್ಲುತ್ತದೆ.

ಶಿವಮೊಗ್ಗ ಮತ್ತು ಭದ್ರಾವತಿ ನಾನು ಚಿಕ್ಕಂದಿನಿಂದ ಓಡಾಡಿದ ಊರುಗಳು. ಒಂದು ತುಂಗೆಯ ದಡದಲ್ಲಿದೆ, ಇನ್ನೊಂದು ಭದ್ರೆಯ ದಡದಲ್ಲಿ. ಎರಡಕ್ಕೂ ನಡುವಣ ದೂರ ಸುಮಾರು 20 ಕಿಲೋಮೀಟರು. ನದಿಗಳು ಮುಂದೆ ಹರಿದು ಕೂಡಲಿಯಲ್ಲಿ ಒಂದಾಗುತ್ತವೆ. ಇಷ್ಟು ಸಣ್ಣ ಪ್ರದೇಶದೊಳಗೆ ಮರದ ಅರಮನೆಯೊಂದು, ಕಲ್ಲಿನ ದೇಗುಲವೊಂದು, ಕಬ್ಬಿಣದ ಕಾರ್ಖಾನೆಯೊಂದು ನಿಂತಿವೆ. ಹಳೆಯ ಕಟ್ಟಡವನ್ನು ಕಂಡೊಡನೆ ಅದರ ಮೈಯನ್ನು ಮುಟ್ಟಿ ನೋಡುವುದು ನನ್ನ ಚಟ. ಕಣ್ಣಿಗೆ ಕಾಣದ ಎಷ್ಟೋ ಸಂಗತಿಗಳು ಕೈಗೆ ತಿಳಿಯುತ್ತವೆ.

ಶಿವಮೊಗ್ಗದ ಕೋಟೆ ಪ್ರದೇಶದಲ್ಲಿರುವ ಅರಮನೆಗೆ ಶಿವಪ್ಪನಾಯಕನ ಅರಮನೆ ಎಂದು ಹೆಸರು. ಶಿವಪ್ಪನಾಯಕನು 17ನೆಯ ಶತಮಾನದ ನಡುಭಾಗದಲ್ಲಿ ಬಿದನೂರನ್ನು ರಾಜಧಾನಿಯಾಗಿಸಿಕೊಂಡು ಆಳಿದ ಕೆಳದಿಯ ಅರಸು. ಭೂಮಿಯ ಫಲವತ್ತತೆಯನ್ನು ಪರೀಕ್ಷಿಸಿ ಕಂದಾಯವನ್ನು ಗೊತ್ತುಮಾಡಿದ ಅವನ ಕ್ರಮವನ್ನು ಜನರು 'ಶಿಸ್ತು' ಎಂದು ಇಂದಿಗೂ ನೆನೆಯುತ್ತಾರೆ. ಆದರೆ ಈ ಅರಮನೆಯನ್ನು ಅವನು ಕಟ್ಟಿಸಲಿಲ್ಲ. ಇದು 18ನೆಯ ಶತಮಾನದಲ್ಲಿ, ಹೈದರಾಲಿಯ ಕಾಲದಲ್ಲಿ ಎದ್ದ ಕಟ್ಟಡವೆಂದು ಇತಿಹಾಸಕಾರರು ಹೇಳುತ್ತಾರೆ. ಕಟ್ಟಿಸಿದವನನ್ನು ಬಿಟ್ಟು ತಮಗೆ ಪ್ರಿಯನಾದ ಅರಸನ ಹೆಸರನ್ನು ಜನರು ಅದಕ್ಕೆ ಇಟ್ಟರು. ಹೆಸರೆಂಬುದು ಯಾವಾಗಲೂ ದಾಖಲೆಯಲ್ಲ, ಒಮ್ಮೊಮ್ಮೆ ಅದು ಪ್ರೀತಿ.

ಒಳಗೆ ಹೋದರೆ ಎರಡು ಅಂತಸ್ತಿನ ದರ್ಬಾರು ಸಭಾಂಗಣ. ಭಾರವನ್ನೆಲ್ಲ ಹೊತ್ತಿರುವುದು ದಪ್ಪನೆಯ ಮರದ ಕಂಬಗಳು. ಕಂಬದಿಂದ ಕಂಬಕ್ಕೆ ದಳದಳವಾಗಿ ಕೊರೆದ ಮರದ ಕಮಾನುಗಳಿವೆ. ಮಲೆನಾಡಿನಲ್ಲಿ ಅರಮನೆಗೂ ಮರ, ತೊಟ್ಟಿಯ ಮನೆಗೂ ಮರ. ಕಾಡು ಬಾಗಿಲಿಗೇ ಬಂದಿರುವಾಗ ಬೇರೇನನ್ನು ಅರಸಬೇಕು? ಇಲ್ಲಿಯ ಕಂಬವನ್ನು ಅಂಗೈಯಿಂದ ಸವರಿದರೆ ಬೇಸಗೆಯಲ್ಲೂ ಸುಡುವುದಿಲ್ಲ, ಚಳಿಗಾಲದಲ್ಲೂ ಕೊರೆಯುವುದಿಲ್ಲ. ಈಗ ಇದು ಸರಕಾರದ ವಸ್ತುಸಂಗ್ರಹಾಲಯ. ಸುತ್ತಮುತ್ತಲ ಊರುಗಳಿಂದ ತಂದ ವೀರಗಲ್ಲುಗಳನ್ನೂ ಶಾಸನಗಳನ್ನೂ ವಿಗ್ರಹಗಳನ್ನೂ ಅಂಗಳದಲ್ಲಿ ಸಾಲಾಗಿ ನಿಲ್ಲಿಸಿದ್ದಾರೆ. ನಮ್ಮ ಹಳ್ಳಿಗಳಲ್ಲಿ ಇಂಥ ಕಲ್ಲುಗಳನ್ನು ಬಟ್ಟೆ ಒಗೆಯುವುದಕ್ಕೂ ಕಾಲುವೆಗೆ ಅಡ್ಡ ಹಾಸುವುದಕ್ಕೂ ಬಳಸಿದ್ದುಂಟು. ಇವು ಬೆಲೆಯುಳ್ಳವು ಎಂದು ಯಾರಿಗೋ ತೋರಿದ್ದರಿಂದ ಈ ಅಂಗಳವನ್ನು ಸೇರಿದವು.

ಭದ್ರಾವತಿಯ ಲಕ್ಷ್ಮೀನರಸಿಂಹ ದೇವಾಲಯವು ಇದಕ್ಕಿಂತ ಬಹಳ ಹಳೆಯದು. 13ನೆಯ ಶತಮಾನದ ಹೊಯ್ಸಳ ಕಟ್ಟಡವದು. ಮೂರು ಗರ್ಭಗುಡಿಗಳು ಒಂದೇ ನವರಂಗಕ್ಕೆ ತೆರೆದುಕೊಳ್ಳುವುದರಿಂದ ಇಂಥದನ್ನು ತ್ರಿಕೂಟವೆನ್ನುತ್ತಾರೆ. ಲಕ್ಷ್ಮೀನರಸಿಂಹ, ವೇಣುಗೋಪಾಲ, ಪುರುಷೋತ್ತಮ ಮೂವರೂ ಒಂದೇ ಸೂರಿನ ಕೆಳಗಿದ್ದಾರೆ. ಬೇಲೂರು, ಹಳೇಬೀಡುಗಳನ್ನು ನೋಡಿ ಬಂದವರು ಇದನ್ನು ಚಿಕ್ಕದೆಂದು ಬದಿಗಿಡುವುದುಂಟು. ಅವರ ಮಾತಿಗೆ ನಾನು ಒಪ್ಪುವುದಿಲ್ಲ. ಹೊಯ್ಸಳ ಶಿಲ್ಪಿಗಳು ಆರಿಸಿಕೊಂಡ ಬಳಪದ ಕಲ್ಲಿನ ಗುಣವನ್ನು ಇಲ್ಲಿ ನೆಮ್ಮದಿಯಾಗಿ ಕಾಣಬಹುದು, ಜನಸಂದಣಿ ನಿಮ್ಮನ್ನು ಮುಂದಕ್ಕೆ ತಳ್ಳುವುದಿಲ್ಲ. ಗಣಿಯಿಂದ ತೆಗೆದಾಗ ಈ ಕಲ್ಲು ಮೃದುವಾಗಿರುತ್ತದೆ, ಉಳಿಯ ಮಾತನ್ನು ಕೇಳುತ್ತದೆ. ಗಾಳಿಗೆ ಒಡ್ಡಿಕೊಂಡಷ್ಟೂ ಗಟ್ಟಿಯಾಗುತ್ತದೆ. ಕಂಬಗಳ ಮೇಲಿರುವ ಬಳೆಬಳೆಯಾದ ಗೆರೆಗಳು ಕಲ್ಲನ್ನು ತಿರುಗಣೆಗೆ ಹಾಕಿ ಕಡೆದದ್ದರ ಗುರುತು. ಸುಮಾರು 800 ಮಳೆಗಾಲಗಳನ್ನು ಈ ಮೆತ್ತನೆಯ ಕಲ್ಲು ತಾಳಿಕೊಂಡಿದೆ. ಅದನ್ನು ಕಳಚಿ ತೂಕಕ್ಕೆ ಮಾರಿ ಹಣ ಮಾಡುತ್ತೇನೆಂದು ಯಾರೂ ಹೊರಡಲಿಲ್ಲ. ಕೆತ್ತಿದ ಕಲ್ಲನ್ನು ಕರಗಿಸಿ ಬೇರೊಂದು ಮಾಡುವಂತಿಲ್ಲ. ಕಬ್ಬಿಣವನ್ನಾದರೆ ಮಾಡಬಹುದು, ಮತ್ತು ಕಬ್ಬಿಣದ ಕಷ್ಟವೇ ಅದು.

ಭದ್ರಾವತಿಗೆ ಹಿಂದೆ ಬೆಂಕಿಪುರವೆಂದು ಹೆಸರಿತ್ತು. ಊರಿನ ಹೆಸರಿನಲ್ಲಿ ಬೆಂಕಿ ಇದ್ದಾಗ ಅಲ್ಲಿ ಕುಲುಮೆ ಇರಲಿಲ್ಲ. ಕುಲುಮೆ ಬಂದಮೇಲೆ ಹೆಸರಿನಿಂದ ಬೆಂಕಿ ಆರಿ ನದಿ ಉಳಿಯಿತು! 1918ರಲ್ಲಿ ಮೈಸೂರು ಸಂಸ್ಥಾನದ ಸರಕಾರ ಇಲ್ಲಿ ಕಬ್ಬಿಣದ ಕಾರ್ಖಾನೆಯ ಕೆಲಸವನ್ನು ಆರಂಭಿಸಿತು. 1923ರಲ್ಲಿ ಮೊದಲ ಕಬ್ಬಿಣ ಹೊರಬಂದಿತು. ದಿವಾನಗಿರಿಯಿಂದ ನಿವೃತ್ತರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರು ಆ ವರ್ಷವೇ ಅದರ ಆಡಳಿತ ಮಂಡಳಿಯ ಅಧ್ಯಕ್ಷತೆಯನ್ನು ವಹಿಸಿಕೊಂಡರು.

ಈ ಕಾರ್ಖಾನೆಯ ಮೊದಲ ಹೆಸರನ್ನು ಗಮನಿಸಬೇಕು. ಕಬ್ಬಿಣಕ್ಕಿಂತ ಮುಂಚೆ ಅದರಲ್ಲಿ ಕಟ್ಟಿಗೆಯಿತ್ತು: ಮೈಸೂರು ಕಟ್ಟಿಗೆ ಬಟ್ಟಿ ಇಳಿಸುವ ಮತ್ತು ಕಬ್ಬಿಣದ ಕಾರ್ಖಾನೆ. ಏಕೆ? ಅದಿರಿನಿಂದ ಕಬ್ಬಿಣವನ್ನು ಬೇರ್ಪಡಿಸಲು ಶಾಖ ಬೇಕು, ಇಂಗಾಲವೂ ಬೇಕು. ಬೇರೆಡೆಗಳಲ್ಲಿ ಇದಕ್ಕೆ ಕಲ್ಲಿದ್ದಲಿನಿಂದ ಮಾಡಿದ ಕೋಕ್ ಬಳಸುತ್ತಿದ್ದರು. ಮೈಸೂರು ಸೀಮೆಯಲ್ಲಿ ಕಲ್ಲಿದ್ದಲಿಲ್ಲ, ಕಾಡಿತ್ತು. ಆದ್ದರಿಂದ ಮರವನ್ನು ಗಾಳಿಯಾಡದ ಭಾರಿ ಪಾತ್ರೆಗಳಲ್ಲಿ ಕಾಯಿಸಿ ಇದ್ದಿಲು ಮಾಡಿದರು. ಹಾಗೆ ಕಾಯಿಸುವಾಗ ಏಳುವ ಹೊಗೆಯನ್ನು ವ್ಯರ್ಥವಾಗಿ ಬಿಡದೆ ತಣಿಸಿ, ಅದರಿಂದ ಅಸಿಟಿಕ್ ಆಮ್ಲದ ಲವಣ, ಮರದ ಮದ್ಯಸಾರ, ಟಾರು ಇವನ್ನು ಪಡೆದರು. ಅದಿರು ಕೆಮ್ಮಣ್ಣುಗುಂಡಿಯಿಂದ ಬರಬೇಕಾಗಿತ್ತು. ಬಾಬಾಬುಡನ್ ಗಿರಿಶ್ರೇಣಿಯ ಆ ಕೆಂಪು ಮಣ್ಣಿನ ಬೆಟ್ಟದಿಂದ ರೋಪ್‌ವೇಯ ತೊಟ್ಟಿಗಳು ತಂತಿಯ ಮೇಲೆ ತೂಗುತ್ತ ಅದಿರನ್ನು ಕೆಳಗಿಳಿಸುತ್ತಿದ್ದವು. ಅಲ್ಲಿಂದ ಕಾಡಿನ ನಡುವೆ ಕಿರಿದಾದ ಹಳಿಗಳ ಮೇಲೆ ಪುಟ್ಟ ರೈಲು ಅದನ್ನು ಭದ್ರಾವತಿಗೆ ಎಳೆದು ತರುತ್ತಿತ್ತು. ಎಂದರೆ ಕಾರ್ಖಾನೆಯೆಂಬ ಕಟ್ಟಡ ಬೇಲಿಯೊಳಗೆ ಮುಗಿಯುತ್ತಿರಲಿಲ್ಲ. ಅದರ ಒಂದು ಕೈ ಬೆಟ್ಟದ ನೆತ್ತಿಯ ಮೇಲಿತ್ತು, ಇನ್ನೊಂದು ಕೈ ಕಾಡಿನೊಳಗಿತ್ತು.

ಊದುಕುಲುಮೆಯೆಂದರೆ ಒಳಮೈಗೆಲ್ಲ ಶಾಖ ತಡೆಯುವ ಇಟ್ಟಿಗೆ ಹೊದಿಸಿದ ಎತ್ತರವಾದ ಉಕ್ಕಿನ ಗೋಪುರ. ನೆತ್ತಿಯಿಂದ ಅದಿರು, ಇದ್ದಿಲು, ಸುಣ್ಣಕಲ್ಲುಗಳನ್ನು ಸುರಿಯುತ್ತಾರೆ. ಬುಡದಿಂದ ಕಾದ ಗಾಳಿಯನ್ನು ರಭಸವಾಗಿ ಊದುತ್ತಾರೆ. ಇದ್ದಿಲು ಉರಿದು ಅದಿರಿನಲ್ಲಿರುವ ಆಮ್ಲಜನಕವನ್ನು ಸೆಳೆದುಕೊಂಡಾಗ ಕಬ್ಬಿಣ ಕರಗಿ ತಳಕ್ಕೆ ಇಳಿಯುತ್ತದೆ. ಸುಣ್ಣಕಲ್ಲು ಅದಿರಿನ ಕಶ್ಮಲವನ್ನು ಹೀರಿ ಕಿಟ್ಟವಾಗಿ ಅದರ ಮೇಲೆ ತೇಲುತ್ತದೆ. ಅಡುಗೆಯ ಒಲೆಯಂತೆ ಇದನ್ನು ಬೇಕಾದಾಗ ಹಚ್ಚಿ ಬೇಡವಾದಾಗ ನಂದಿಸುವಂತಿಲ್ಲ. ಹಗಲಿರುಳು, ಹಬ್ಬಹರಿದಿನಗಳೆನ್ನದೆ ಅದು ಉರಿಯುತ್ತಿರಬೇಕು.

ನನ್ನ ಸೋದರಮಾವ ಆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ರಜೆಯಲ್ಲಿ ಅವರ ಮನೆಗೆ ಹೋದಾಗ ರಾತ್ರಿ ಜಗಲಿಯ ಮೇಲೆ ಮಲಗಿ ನೋಡಿದರೆ ಕಾರ್ಖಾನೆಯ ಕಡೆಯ ಆಕಾಶ ಒಮ್ಮೊಮ್ಮೆ ಕೆಂಪೇರುತ್ತಿತ್ತು. ಕರಗಿದ ಕಬ್ಬಿಣವನ್ನೋ ಕಿಟ್ಟವನ್ನೋ ಸುರಿಯುವ ಹೊತ್ತದು. ಅರಮನೆಯ ಕಂಬದಂತೆ ಇದನ್ನು ಮುಟ್ಟಿ ನೋಡುವ ಮಾತಿಲ್ಲ, ಅದೇ ದೂರದಿಂದ ನಮ್ಮನ್ನು ಮುಟ್ಟುತ್ತಿತ್ತು. "ಮಾವ, ಈ ಬೆಂಕಿ ಎಂದು ಆರುತ್ತದೆ?" ಎಂದು ನಾನೊಮ್ಮೆ ಕೇಳಿದೆ.

"ಆರಬಾರದು ಕಣೋ," ಎಂದರು ಮಾವ. "ಅದು ಆರಿದರೆ ಈ ಊರಿನ ಒಲೆಗಳೂ ಆರಿಯಾವು."

ಬೆಂಕಿಗೆ ಕೊಟ್ಟ ಬೆಲೆಯನ್ನೂ ಇಲ್ಲಿ ಹೇಳಬೇಕು. ಒಂದು ಟನ್ ಇದ್ದಿಲಿಗೆ ಮೂರು ನಾಲ್ಕು ಟನ್ ಕಟ್ಟಿಗೆ ಬೇಕಾಗುತ್ತದೆ. ವರ್ಷಗಟ್ಟಲೆ ಆ ಕುಲುಮೆ ತಿಂದದ್ದು ಮಲೆನಾಡಿನ ಕಾಡನ್ನು. ಜೋಗದ ವಿದ್ಯುತ್ತು ದೊರೆತಮೇಲೆ ವಿದ್ಯುತ್ ಕುಲುಮೆಗಳು ಬಂದವು, ಬಟ್ಟಿ ಇಳಿಸುವ ಕೆಲಸ ನಿಂತಿತು. ಹಿರಿಯರು ಕಟ್ಟಿದ್ದನ್ನು ಹೊಗಳುವಾಗ ಕಡಿದದ್ದನ್ನು ಮರೆಮಾಚುವುದು ನನಗೆ ಸರಿಕಾಣದು. ಹಾಗೆಯೇ, ಕಡಿದದ್ದನ್ನು ನೆನೆದು ಕಟ್ಟಿದ್ದನ್ನು ಅಲ್ಲಗಳೆಯುವುದೂ ಸರಿಯಲ್ಲ. ಭಾರತದಲ್ಲಿ ಕಬ್ಬಿಣದ ಕಾರ್ಖಾನೆಗಳು ಬೆರಳೆಣಿಕೆಯಷ್ಟಿದ್ದ ಕಾಲದಲ್ಲಿ, ಕಲ್ಲಿದ್ದಲಿಲ್ಲದ ಒಂದು ಸಂಸ್ಥಾನ ತನ್ನ ಕೈಲಿದ್ದುದರಿಂದಲೇ ಕಬ್ಬಿಣವನ್ನು ತೆಗೆಯುವ ಸಾಹಸ ಮಾಡಿತ್ತು.

ಮುಂದಿನ ಚರಿತ್ರೆಯನ್ನು ಬೇಗ ಹೇಳಿಬಿಡುತ್ತೇನೆ. 1976ರಲ್ಲಿ ಕಾರ್ಖಾನೆಗೆ ವಿಶ್ವೇಶ್ವರಯ್ಯನವರ ಹೆಸರು ಬಂದಿತು. 1989ರಲ್ಲಿ ಅದು ಭಾರತೀಯ ಉಕ್ಕು ಪ್ರಾಧಿಕಾರದ ಅಂಗಸಂಸ್ಥೆಯಾಯಿತು, 1998ರಲ್ಲಿ ಅದರಲ್ಲೇ ಲೀನವಾಯಿತು. 2023ರ ಜನವರಿಯಲ್ಲಿ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ ಹೊರಬಿದ್ದಿತು. ಕಾರ್ಮಿಕರು ಬಾಗಿಲ ಮುಂದೆ ಧರಣಿ ಕುಳಿತರು. ಅದೇ ವರ್ಷ ಕೆಲವು ಯಂತ್ರಗಳು ಮತ್ತೆ ತಿರುಗಿದವು, ಪುನಶ್ಚೇತನದ ಮಾತುಗಳೂ ಕೇಳಿಬಂದವು. ನೆರೆಯಲ್ಲೇ ಇರುವ, 1930ರ ದಶಕದ ಕಾಗದದ ಕಾರ್ಖಾನೆ ಅದಕ್ಕೆ ಮೊದಲೇ ಮೌನವಾಗಿತ್ತು.

ಆ ಜನವರಿಯ ಮರುತಿಂಗಳು, ಫೆಬ್ರವರಿ 27ರಂದು, ಶಿವಮೊಗ್ಗದ ಬಳಿಯ ಸೋಗಾನೆಯಲ್ಲಿ ವಿಮಾನ ನಿಲ್ದಾಣದ ಉದ್ಘಾಟನೆಯಾಯಿತು. ಅದಕ್ಕೆ ಕುವೆಂಪು ಅವರ ಹೆಸರಿದೆ. ಓಡುದಾರಿಯ ಉದ್ದ 3,200 ಮೀಟರು. ನಿಲ್ದಾಣದ ಕಟ್ಟಡವನ್ನು ಕಮಲದ ಆಕಾರದಲ್ಲಿ ಕಟ್ಟಿದ್ದಾರೆ. ಕಮಲವನ್ನು ಚೆನ್ನಾಗಿ ನೋಡಬೇಕಾದರೆ ಆಕಾಶಕ್ಕೇ ಏರಬೇಕು, ನೆಲದಲ್ಲಿ ನಿಂತವರಿಗೆ ಒಂದೆರಡು ದಳಗಳಷ್ಟೇ ದಕ್ಕುತ್ತವೆ! ಅದೂ ಕಾಲಕ್ರಮದಲ್ಲಿ ನಮ್ಮ ಕಣ್ಣಿಗೆ ಒಗ್ಗೀತು. ಹೊಸದನ್ನು ನೋಡಲು ಜನ ಸಾಲುಗಟ್ಟಿ ಹೋದ ದಿನಗಳಲ್ಲೇ ಭದ್ರಾವತಿಯ ಬಾಗಿಲಲ್ಲಿ ಧರಣಿ ನಡೆದಿತ್ತು. ಒಂದೇ ರಸ್ತೆಯ ಎರಡು ತುದಿಗಳು ಇಷ್ಟು ದೂರವೆಂದು ನನಗೆ ಅದುವರೆಗೆ ತೋರಿರಲಿಲ್ಲ.

ನಮ್ಮ ದೇಶದಲ್ಲಿ ಪ್ರಾಚೀನ ಸ್ಮಾರಕಗಳ ರಕ್ಷಣೆಗೆ 1958ರ ಕಾಯಿದೆಯೊಂದಿದೆ. ಅದರಂತೆ ಒಂದು ಕಟ್ಟಡ ಪ್ರಾಚೀನ ಸ್ಮಾರಕವೆನಿಸಬೇಕಾದರೆ ಕನಿಷ್ಠ 100 ವರ್ಷ ಬಾಳಿರಬೇಕು. ಭದ್ರಾವತಿಯಲ್ಲಿ ಮೊದಲ ಕಬ್ಬಿಣ ಹರಿದು 100 ವರ್ಷ ತುಂಬಿದ್ದು 2023ರಲ್ಲಿ, ಮುಚ್ಚುವ ಮಾತು ಬಂದ ವರ್ಷವೇ. ವಯಸ್ಸು ತುಂಬಿದ ಮಾತ್ರಕ್ಕೆ ರಕ್ಷಣೆ ತಾನಾಗಿ ಬರುವುದಿಲ್ಲ, ಸರಕಾರ ಹಾಗೆಂದು ಘೋಷಿಸಬೇಕು. ಹಳೆಯ ಯಂತ್ರವನ್ನು ಕಳಚಿ ಹೊಸದನ್ನು ಕೂಡಿಸುವುದು ಕಾರ್ಖಾನೆಗಳ ಧರ್ಮವಾದ್ದರಿಂದ, ಉಳಿದಿರುವ ಹಳೆಯ ಭಾಗಗಳೇ ಕಡಮೆ. ಕೆಲಸ ನಿಂತ ಕಬ್ಬಿಣಕ್ಕೆ ಗುಜರಿಯವರ ತಕ್ಕಡಿ ಯಾವಾಗಲೂ ಕಾದಿರುತ್ತದೆ.

ಜರ್ಮನಿಯಲ್ಲಿ ಫೋಲ್‌ಕ್ಲಿಂಗನ್ ಎಂಬ ಊರಿದೆ. ಅಲ್ಲಿಯ ಕಬ್ಬಿಣದ ಕಾರ್ಖಾನೆ 1986ರಲ್ಲಿ ನಿಂತುಹೋಯಿತು. ಆದರೆ ಕುಲುಮೆಗಳನ್ನು ಕರಗಿಸಲಿಲ್ಲ. 1994ರಲ್ಲಿ ಯುನೆಸ್ಕೊ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ತಾಜಮಹಲಿರುವ ಪಟ್ಟಿಯಲ್ಲೇ ಒಂದು ಊದುಕುಲುಮೆಗೂ ಜಾಗ ಸಿಕ್ಕಿತು! ಐಫೆಲ್ ಗೋಪುರದ ಕಥೆಯಂತೂ ಇನ್ನೂ ಸ್ವಾರಸ್ಯ. 1889ರ ವಸ್ತುಪ್ರದರ್ಶನಕ್ಕಾಗಿ ಸುಮಾರು 7,300 ಟನ್ ಕಬ್ಬಿಣದಿಂದ ಕಟ್ಟಿದ ಅದಕ್ಕೆ ಅಪ್ಪಣೆ ಇದ್ದದ್ದು 20 ವರ್ಷಗಳಿಗೆ ಮಾತ್ರ. ಆಮೇಲೆ ಕಳಚಬೇಕಾಗಿತ್ತು. ಅಷ್ಟರಲ್ಲಿ ನಿಸ್ತಂತು ವಾರ್ತೆಗೆ ಎತ್ತರದ ಕಂಬವೊಂದು ಬೇಕಾಯಿತು, ಗೋಪುರ ಉಳಿದುಕೊಂಡಿತು. ಅಂದವೊಂದನ್ನೇ ನೋಡಿ ಅದನ್ನು ಉಳಿಸಿದರೆಂದು ತಿಳಿಯಬೇಡಿ.

ಉಳಿಸಿದಮೇಲೂ ಕೆಲಸ ಮುಗಿಯಲಿಲ್ಲ. ದೆಹಲಿಯ ಕಬ್ಬಿಣದ ಕಂಬಕ್ಕೆ ಅದರಲ್ಲಿರುವ ರಂಜಕದಿಂದಾಗಿ ಒಂದು ರಕ್ಷಾಪದರ ಮೂಡಿ, ಸುಮಾರು 1,600 ವರ್ಷಗಳಿಂದ ತುಕ್ಕು ಅದನ್ನು ತಿಂದುಹಾಕದೆ ಬಿಟ್ಟಿದೆ. ಎಲ್ಲ ಕಬ್ಬಿಣಕ್ಕೂ ಆ ಭಾಗ್ಯವಿಲ್ಲ. ಐಫೆಲ್ ಗೋಪುರಕ್ಕೆ ಸುಮಾರು ಏಳು ವರ್ಷಕ್ಕೊಮ್ಮೆ 60 ಟನ್ನಿನಷ್ಟು ಬಣ್ಣ ಬಳಿಯುತ್ತಾರೆ, ಅದೂ ಆಳುಗಳು ಕುಂಚ ಹಿಡಿದು ಕೈಯಿಂದಲೇ. ಪ್ಯಾರಿಸ್ಸಿನ ಮಳೆಗಿಂತ ನಮ್ಮ ಮಲೆನಾಡಿನ ಮಳೆ ಬಲವಾದದ್ದು. ಭದ್ರಾವತಿಯಲ್ಲಿ ಅದು ಜೂನ್ ತಿಂಗಳಲ್ಲಿ ಹಿಡಿಯುತ್ತದೆ.